ಒಂದು ಮಂಟಪಕ್ಕೆ ಎರಡು ರಸೀದಿ

ತಪ್ಪು ಹುಡುಕುವುದು ನನ್ನ ಉದ್ಯೋಗ. ಮೊದಲ ಸಲ ಇದನ್ನು ಅವ್ವನಿಗೆ ಹೇಳಿದಾಗ ಅವಳು ರೊಟ್ಟಿ ಬಡಿಯುವ ಕೈ ನಿಲ್ಲಿಸಿ, "ಅದಕ್ಕೂ ಪಗಾರ ಕೊಡ್ತಾರೇನು? ನಿಮ್ಮಜ್ಜಿ ಇದ್ದಿದ್ರ ಅಕಿನ್ನ ಮ್ಯಾನೇಜರ್ ಮಾಡ್ತಿದ್ರಲ್ಲ!" ಅಂದಳು. ಅಜ್ಜಿಯ ಗುಣವೇ ನನಗೆ ಬಂದಿದೆ ಎಂಬುದು ಮನೆಯವರ ಮಾತು. ಸಾರಿಗೆ ಉಪ್ಪು ಕಡಿಮೆಯಾಗಿದ್ದರೆ ಬಾಯಿಗಿಡುವ ಮೊದಲೇ ಹೇಳಿಬಿಡುತ್ತೇನಂತೆ. ಅಂಥವಳು ಹೇಳಲೇಬೇಕಾಗಿದ್ದ ಒಂದು ಸಲ ಬಾಯಿ ಮುಚ್ಚಿಕೊಂಡೆ. ಅದನ್ನೇ ಬರೆಯುತ್ತಿದ್ದೇನೆ.

ತೆಲುಗು ನಾಡು ಎರಡಾಗಿ ಪ್ರತ್ಯೇಕ ರಾಜ್ಯ ಬಂದ ಮೇಲೆ ಗಡಿಯ ನಮ್ಮ ಕಡೆ ಬೋರ್ಡು ಬರೆಯುವವರಿಗೆ ಸುಗ್ಗಿಯೋ ಸುಗ್ಗಿ. ರಾಜ್ಯದ ಹೆಸರು ಅಳಿಸಿ ಬರೆದರು, ಆಮೇಲೆ ಜಿಲ್ಲೆಯ ಹೆಸರು ಅಳಿಸಿ ಬರೆದರು. ಗದ್ವಾಲ ಜಿಲ್ಲೆಯಾಯಿತು. ನಾರಾಯಣಪೇಟೆಗೆ ಆ ಭಾಗ್ಯ ಸ್ವಲ್ಪ ತಡವಾಗಿ ಬಂತು. ನಮ್ಮ ಮಕ್ತಲ್ ಮಾತ್ರ ಇದ್ದಲ್ಲೇ ಇದ್ದು, ತಾನು ಈಗ ಯಾವ ಜಿಲ್ಲೆ ಎಂದು ಬೇರೆಯವರನ್ನು ಕೇಳಿ ತಿಳಿದುಕೊಂಡಿತು. ಗದ್ವಾಲದಲ್ಲಿ ಬೀಜದ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಆರು ಜನರ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿ ಶುರುವಾಗಿದ್ದು ಆ ದಿನಗಳಲ್ಲೇ. ಆರರಲ್ಲಿ ನಾನೂ ಒಬ್ಬಳು. ಬೇರೆಯವರು ಪ್ರೋಗ್ರಾಂ ಬರೆಯುತ್ತಿದ್ದರು. ಅದರಲ್ಲಿ ಎಲ್ಲಿ ತೂತಿದೆ ಎಂದು ನಾನು ಚುಚ್ಚಿ ನೋಡುತ್ತಿದ್ದೆ.

ನಮಗೆ ಸಿಕ್ಕ ದೊಡ್ಡ ಕೆಲಸ ಎಂದರೆ ಫಂಕ್ಷನ್ ಹಾಲ್‌ಗಳದ್ದು. ಒಬ್ಬ ವ್ಯಾಪಾರಿ ನಾರಾಯಣಪೇಟೆ, ಮಕ್ತಲ್, ಗದ್ವಾಲ ಮೂರೂ ಕಡೆ ಒಂದೊಂದು ಹಾಲ್ ಕಟ್ಟಿಸಿದ್ದರು. ಯಾವ ಊರಿನ ಕೌಂಟರಿನಲ್ಲಿ ಕೂತರೂ ಯಾವ ಊರಿನ ಹಾಲ್ ಬೇಕಾದರೂ ಬುಕ್ ಮಾಡುವಂತಿರಬೇಕು ಎಂಬುದು ಅವರ ಆಸೆ. ನಮ್ಮಲ್ಲಿ ಹೆಣ್ಣು ಒಂದೂರು, ಗಂಡು ಒಂದೂರು ಇರುವುದರಿಂದ ಆಸೆ ಸರಿಯಾಗಿಯೇ ಇತ್ತು. ಮೂರೂ ಕಡೆಯವರು ಒಮ್ಮೆಲೇ ಕೇಳಿದರೂ ಯಾರನ್ನೂ ಕಾಯಿಸಬಾರದೆಂದು ನಮ್ಮ ಪ್ರೋಗ್ರಾಮಿಗೆ ಹಲವು ಕೈಗಳನ್ನು ಕೊಟ್ಟಿದ್ದರು. ನಮ್ಮ ಕಸುಬಿನಲ್ಲಿ ಅವಕ್ಕೆ ಥ್ರೆಡ್ ಎನ್ನುತ್ತಾರೆ. ಒಂದೊಂದು ಕೈಯೂ ತನ್ನ ಪಾಡಿಗೆ ದುಡಿಯುತ್ತದೆ, ಪಕ್ಕದ ಕೈ ಏನು ಮಾಡುತ್ತಿದೆ ಎಂದು ನೋಡುವುದಿಲ್ಲ. ನೋಡಿ ಮಾಡಬೇಕಾದ ಜಾಗದಲ್ಲಿ ಪ್ರೋಗ್ರಾಂ ಬರೆಯುವವರೇ ಚಿಲಕ ಹಾಕಬೇಕು. ಒಂದು ಕೈ ಒಳಗಿದ್ದರೆ ಇನ್ನೊಂದು ಹೊರಗೆ ನಿಲ್ಲಬೇಕು.

ಚಿಲಕ ಮರೆತರೆ ಏನಾಗುತ್ತದೆ ಎಂಬುದನ್ನು ನಾನು ದಿನಾ ಬೆಳಿಗ್ಗೆ ಮಕ್ತಲ್ ಬಸ್‌ಸ್ಟ್ಯಾಂಡಿನಲ್ಲಿ ನೋಡುತ್ತಿದ್ದೆ. ಗದ್ವಾಲದ ಬಸ್ಸು ನಿಲ್ಲುವ ಮೊದಲೇ ಜನ ಕಿಟಕಿಯಿಂದ ಇಣುಕಿ, ಸೀಟು ಖಾಲಿ ಇದೆ ಎಂದು ಕಂಡು, ಟವಲ್ ಎಸೆಯುತ್ತಾರೆ. ಟವಲ್ ಬಿದ್ದ ಮೇಲೆ ಸೀಟು ಅವರದು. ಇದು ನಮ್ಮ ಊರಿನ ಕಾನೂನು, ಕಂಡಕ್ಟರನೂ ತಲೆಬಾಗಬೇಕು. ಆದರೆ ಇಣುಕಿದ್ದಕ್ಕೂ ಎಸೆದಿದ್ದಕ್ಕೂ ನಡುವೆ ಒಂದು ಉಸಿರಿನಷ್ಟು ಹೊತ್ತಿದೆಯಲ್ಲ, ಆ ಹೊತ್ತಿನಲ್ಲಿ ಆಚೆ ಕಿಟಕಿಯಿಂದಲೂ ಒಬ್ಬರು ಇಣುಕಿರುತ್ತಾರೆ. ಅವರಿಗೂ ಸೀಟು ಖಾಲಿಯೇ ಕಂಡಿರುತ್ತದೆ. ಒಂದು ಸೀಟಿನ ಮೇಲೆ ಎರಡು ಟವಲ್ಲು ಬಿದ್ದರೆ ನದಿಯ ಮೇಲಿನ ಜೂರಾಲಾ ಅಣೆಕಟ್ಟು ದಾಟುವವರೆಗೂ ಜಗಳ. ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ.

ಹೀಗಾಗಬಾರದೆಂದು ನಾನು ಸಾವಿರ ಸುಳ್ಳು ಬೀಗರನ್ನು ಹುಟ್ಟಿಸಿದೆ. ಮನೆಯಿಲ್ಲದ, ಮದುವೆಗೆ ಹುಡುಗಿಯೂ ಇಲ್ಲದ ಸಾವಿರ ಮಂದಿ ತಮಗೆ ತೋಚಿದ ಹೊತ್ತಿಗೆ ಬಂದು ಹಾಲ್ ಕೇಳುವಂತೆ ಒಂದು ಪರೀಕ್ಷೆ ಬರೆದೆ. ಮೊದಲ ದಿನವೇ ಒಂದು ಹಾಲಿಗೆ, ಒಂದೇ ದಿನಕ್ಕೆ ಎರಡು ರಸೀದಿ ಬಂದವು. ನನಗಾದ ಖುಷಿ ಹೇಳತೀರದು. ತಪ್ಪು ಸಿಕ್ಕರೆ ಹಬ್ಬ ಮಾಡುವ ಜಾತಿ ನಮ್ಮದು. ಗಟ್ಟು ಎಂಬ ಊರಿನ ಕಡೆಯ ನಮ್ಮ ಪ್ರೋಗ್ರಾಮರನನ್ನು ಕೂಗಿ ಕರೆದೆ. ಅವನು ತೆಲುಗಿನವ, ಕುರ್ಚಿ ಎಳೆದುಕೊಂಡು ಕೂತು, "ಏದಕ್ಕಾ? ಚೂಪಿಂಚು," ಅಂದ. ಎಲ್ಲಿದೆ, ತೋರಿಸು ಎಂದು. ಮತ್ತೆ ಓಡಿಸಿದೆ. ಬರಲಿಲ್ಲ. ಹತ್ತು ಸಲ ಓಡಿಸಿದೆ. ಬರಲಿಲ್ಲ.

ಒಂದು ವಾರ ಅದರ ಬೆನ್ನು ಬಿದ್ದೆ. ಯಾವ ಕೈ ಯಾವಾಗ ಒಳಗೆ ಬಂತು, ಯಾವಾಗ ಹೋಯಿತು ಎಂದು ಪ್ರೋಗ್ರಾಮೇ ಬರೆದಿಡುವಂತೆ ನಡುವೆ ನಾಲ್ಕು ಸಾಲು ಸೇರಿಸಲು ಹೇಳಿದೆ. ಆಮೇಲಂತೂ ಆ ತಪ್ಪು ಪೂರ್ತಿ ನಾಪತ್ತೆ. ಬರೆದಿಡಲು ಹಿಡಿಯುವ ಆ ಒಂದಿಷ್ಟು ಹೊತ್ತಿನಲ್ಲೇ ಕೈಗಳು ಹಿಂದೆ ಮುಂದೆ ಸರಿದು ಸಾಲಾಗಿ ನಿಲ್ಲುತ್ತಿದ್ದವು. ನೋಡುತ್ತೇನೆಂದು ಕೂತರೆ ಸಭ್ಯರಾಗಿರುವ ಮಕ್ಕಳಿರುತ್ತಾರಲ್ಲ, ಹಾಗೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂದು ನಾನು ಬಾವಿಕಟ್ಟೆ ಕಾದಿದ್ದೇ ಬಂತು.

ನಮ್ಮ ಸಾಹೇಬರು ಕೆಟ್ಟವರಲ್ಲ. ರಾಯಚೂರು ಮೂಲದವರು, ಗದರಿಸಿ ಮಾತಾಡಿದವರೇ ಅಲ್ಲ. "ಮೇಡಂ, ತೋರಿಸಿದ್ರ ರಿಪೇರಿ ಮಾಡಸ್ತೀನ್ರಿ. ತೋರಿಸಾಕ ಬರಲಾರದ್ದನ್ನ ಹೆಂಗ ರಿಪೇರಿ ಮಾಡಸ್ಲಿ, ನೀವಾ ಹೇಳ್ರಿ," ಅಂದರು. ಹಾಲ್ ಮಾಲೀಕರಿಗೆ ಕಳಿಸುವ ಪರೀಕ್ಷೆಯ ವರದಿಯ ಕೊನೆಯಲ್ಲಿ ನಾನೊಂದು ಸಾಲು ಬರೆದಿದ್ದೆ: 'ಒಂದು ಹಾಲಿಗೆ ಎರಡು ರಸೀದಿ ಬಂದದ್ದು ಒಂದು ಸಲ ಕಂಡಿತ್ತು, ಮತ್ತೆ ಕಾಣಲಿಲ್ಲ.' ಸಾಹೇಬರು ಅದರ ಮೇಲೆ ಬೆರಳಿಟ್ಟರು. "ಇದೊಂದು ತೆಗೀರಿ. ಹಾಲ್ ಮಾಲೀಕರು ಓದಿದ್ರ ಸುಮ್ಮನ ಪರೇಶಾನ್ ಆಗ್ತಾರ. ಲಗ್ನದ ಸೀಸನ್ ಬಂತು."

ತೆಗೆದೆ. ಅಳಿಸುವ ಗುಂಡಿಯನ್ನು ಒತ್ತಿ ಹಿಡಿದರೆ ಅಕ್ಷರಗಳು ಹಿಂದಿನಿಂದ ಒಂದೊಂದಾಗಿ ಹೋಗುತ್ತವೆ. ಸಾಹೇಬರು ಬಲವಂತ ಮಾಡಲಿಲ್ಲ, ನಾನೂ ಜಗಳವಾಡಲಿಲ್ಲ. ನಿಜ ಹೇಳಬೇಕೆಂದರೆ, ವಾರದ ಕೊನೆಗೆ ನನಗೇ ನನ್ನ ಕಣ್ಣಿನ ಮೇಲೆ ನಂಬಿಕೆ ಹೋಗಿತ್ತು. ಆದರೂ ಕಂಡಿದ್ದು ಕಂಡಿತ್ತು. ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟು ಬರುವುದು ಅಲ್ಲಿಯೇ. ಕೆಲಸ ನಿಧಾನವಾಗುತ್ತದೆಂದು ಪ್ರೋಗ್ರಾಮರ ಆ ಬರೆದಿಡುವ ನಾಲ್ಕು ಸಾಲನ್ನೂ ತೆಗೆದುಹಾಕಿದ.

ಮುಂದಿನ ವರ್ಷ ಮೂರು ಸಲ ದೂರು ಬಂತು. ಒಂದು ಹಾಲು, ಒಂದು ದಿನ, ಎರಡು ರಸೀದಿ. ಪ್ರತಿ ಸಲವೂ ಯಾರೋ ಒಬ್ಬರು ಬೇರೆ ದಿನಕ್ಕೆ ಒಪ್ಪಿಕೊಂಡು ಜಗಳ ಮುಗಿಯಿತು. "ಕೌಂಟರಿನವರ ಗಲತಿ ಇರಬೇಕು," ಎನ್ನುತ್ತಿದ್ದರು ಸಾಹೇಬರು. ನಾನು ಮತ್ತೆ ಸಾವಿರ ಸುಳ್ಳು ಬೀಗರನ್ನು ಎಬ್ಬಿಸಿ ಓಡಿಸುತ್ತಿದ್ದೆ. ಎಲ್ಲರೂ ಸುಖವಾಗಿ ಮದುವೆ ಮಾಡಿಕೊಂಡು ಹೋಗುತ್ತಿದ್ದರು. ದೂರು ಬಂದ ರಸೀದಿಗಳ ಮೇಲಿದ್ದ ಹೊತ್ತನ್ನು ಒಂದು ಚೀಟಿಯಲ್ಲಿ ಬರೆದು ಕಂಪ್ಯೂಟರಿಗೆ ಅಂಟಿಸಿಕೊಂಡಿದ್ದೆ: ಸೋಮವಾರ ಬೆಳಿಗ್ಗೆ ಒಂಬತ್ತು, ಶನಿವಾರ ಹತ್ತೂವರೆ, ಮತ್ತೆ ಸೋಮವಾರ ಒಂಬತ್ತು. ತಿಂಗಳುಗಟ್ಟಲೆ ಅದನ್ನು ನೋಡಿದೆ. ಏನೂ ಹೊಳೆಯಲಿಲ್ಲ. ನಾನು ಇಂಗ್ಲಿಷಿನ ಪುಸ್ತಕಗಳಲ್ಲಿ ಉತ್ತರ ಹುಡುಕುತ್ತಿದ್ದೆ, ಅದು ನನ್ನ ತಲೆಯ ಮೇಲೆಯೇ ಗೋಡೆಯಲ್ಲಿ ನೇತಾಡುತ್ತಿತ್ತು.

ಈಗ ನನ್ನ ತಂಗಿಯ ವಿಷಯ ಹೇಳಬೇಕು. ನನಗಿಂತ ಮೂರು ವರ್ಷ ಚಿಕ್ಕವಳು, ನಮ್ಮ ಕಡೆಯದೇ ಆದ ಮದ್ದೂರಿನ ಒಂದು ಖಾಸಗಿ ಶಾಲೆಯಲ್ಲಿ ಟೀಚರು. ನನಗೆ ಮದುವೆ ಬೇಡವಾಗಿತ್ತು, ಜಗಳವಾಡಿ ಬಿಡಿಸಿಕೊಂಡಿದ್ದೆ. ಅವಳಿಗೆ ಬೇಕಾಗಿತ್ತು. ನಾಲ್ಕು ವರ್ಷದ ಹಿಂದೆ ಒಂದು ಸಂಬಂಧ ನಿಶ್ಚಯವಾಗಿ, ಅದೇ ವಾರ ಗಂಡಿನ ಅಜ್ಜ ತೀರಿಕೊಂಡರು. ಆ ಅಜ್ಜನಿಗೆ ತೊಂಬತ್ತರ ಹತ್ತಿರ. ಆದರೂ ಹುಡುಗಿಯ ಕಾಲ್ಗುಣ ಎಂದು ಅವರು ಸಂಬಂಧ ಬಿಟ್ಟರು. ಆಮೇಲೆ ಬಂದವರೆಲ್ಲ ಈ ಮಾತು ಕಿವಿಗೆ ಬೀಳುತ್ತಲೇ ಚಹಾ ಕುಡಿದು ಎದ್ದು ಹೋದರು.

ಕೊನೆಗೆ ನಾರಾಯಣಪೇಟೆಯಿಂದ ಒಬ್ಬ ಬಂದ. ಔಷಧಿ ಅಂಗಡಿಯಲ್ಲಿ ಕೆಲಸ, ಮೆದು ಮಾತಿನವ. ತಂಗಿ ಅಡುಗೆಮನೆಯಲ್ಲಿ ಫೋನು ಹಿಡಿದುಕೊಂಡು ಒಬ್ಬಳೇ ನಗುವುದನ್ನು ನಾನು ನೋಡಿದ್ದು ಆ ಮೂರು ತಿಂಗಳಲ್ಲಿ ಮಾತ್ರ. ಅವನ ತಾಯಿಯದೊಂದೇ ಭಯ. ಹೆಣ್ಣು ನೋಡಲು ಹೊರಟವರು ಯಾರೋ ಸೀನಿದರೆಂದು ಎರಡು ಸಲ ಅರ್ಧ ದಾರಿಯಿಂದ ವಾಪಸು ಹೋಗಿದ್ದ ಹೆಣ್ಣುಮಗಳು ಆಕೆ. ಅವ್ವ ದೇವರ ಮುಂದೆ ನಿಂತು ಹೇಳುತ್ತಿದ್ದುದು ಒಂದೇ ಮಾತು: "ಈ ಸಲ ಏನೂ ಕೊಂಕು ಬರದಂಗ ನೋಡ್ಕೊಳ್ಳಪ್ಪಾ. ಇನ್ನೊಂದು ಸಲ ಆದ್ರ ನನ್ನ ಮಗಳು ತಡಕೊಳ್ಳಂಗಿಲ್ಲ."

ಆ ವರ್ಷ ಮಾಘದಲ್ಲಿ ಒಳ್ಳೆಯ ದಿನ ಇದ್ದುದೇ ಎರಡು. ಗಂಡಿನವರ ಆಸೆಯಂತೆ ನಾರಾಯಣಪೇಟೆಯ ಹಾಲೇ ಆಗಲಿ ಎಂದಾಯಿತು. ಹಾಲ್ ಹಿಡಿಯುವುದಕ್ಕೂ ಘಳಿಗೆ ಕೇಳಿದೆವು. ನಮ್ಮ ಮನೆಗೆ ಬರುವ ಅಯ್ಯನವರು ಪಂಚಾಂಗ ನೋಡಿ, "ಶುಕ್ರವಾರ ರಾಹುಕಾಲ ಮುಗದ ಕೂಡಲೆ ಹಿಡೀರಿ, ಭಾಳ ಚಲೋ ಐತಿ," ಅಂದರು. ಅಪ್ಪ ಹೋದ ಮೇಲೆ ಮನೆಯ ಹಿರಿತನ ಸೋದರಮಾವನದು. ಅವರು ಹನ್ನೊಂದಕ್ಕೇ ಮಕ್ತಲ್ ಕೌಂಟರಿನಲ್ಲಿ ಹಾಜರು. ನಾನು ಅರ್ಧ ದಿನ ರಜೆ ಹಾಕಿ ಜೊತೆಗೆ ಹೋಗಿದ್ದೆ. ನನ್ನ ಕೈಯಲ್ಲಿ ಪಾಸಾದ ಪ್ರೋಗ್ರಾಂ ನನ್ನ ತಂಗಿಯ ಮದುವೆಗೆ ಬಂತಲ್ಲ ಎಂದು ಸಣ್ಣದೊಂದು ಜಂಬವೂ ಇತ್ತು.

ಕೌಂಟರಿನ ಹುಡುಗಿ ಫಾರಂ ಪೂರ್ತಿ ತುಂಬಿದಳು. ನಾರಾಯಣಪೇಟೆ ಹಾಲು, ಮಾಘದ ಆ ದಿನ, ಖಾಲಿ ಎಂದು ಪರದೆ ತೋರಿಸಿತು. ಇನ್ನು ಒಂದೇ ಗುಂಡಿ ಒತ್ತುವುದು ಬಾಕಿ. ಮಾವ ತಮ್ಮ ಫೋನನ್ನು ಮೇಜಿನ ಮೇಲಿಟ್ಟು, "ಹನ್ನೆರಡು ಬಾರಿಸಲಿ ತಾಯಿ. ಅಲ್ಲೀತನಕ ಮುಟ್ಟಬ್ಯಾಡ," ಅಂದರು.

ನನಗೆ ನಗು ಬಂತು. "ಏನವಾ, ಸಾಕಾಗಿಲ್ಲೇನು ನಿನಗ ಇಂಥವರ ಕೂಡ?" ಎಂದು ಆ ಹುಡುಗಿಯನ್ನು ಕೇಳಿದೆ.

"ಎಲ್ಲಾರೂ ಹಿಂಗಾ ಮಾಡ್ತಾರ್ರೀ ಅಕ್ಕಾ," ಅಂದಳು ಅವಳು. "ಸ್ವಾಮಾರ ಬಂದವರು ಒಂಬತ್ತಕ್ಕ, ಶನಿವಾರದವರು ಹತ್ತೂವರೀಗೆ. ಫಾರಂ ತುಂಬಿಸಿ, ನನ್ನ ಬೆರಳು ಗುಂಡಿ ಮ್ಯಾಲ ಇಡಿಸಿ, ಫೋನ್ ನೋಡಕೋತ ಕುಂದ್ರತಾರ. ನಾರಾಯಣಪೇಟಿ ಕೌಂಟರಿನ್ಯಾಗೂ ಹಿಂಗಾ ಅಂತ್ರೀ."

ಸೋಮವಾರ ಒಂಬತ್ತು. ಶನಿವಾರ ಹತ್ತೂವರೆ. ನನ್ನ ಚೀಟಿ ಕಣ್ಣ ಮುಂದೆ ಬಂತು. ನನ್ನ ಸಾವಿರ ಸುಳ್ಳು ಬೀಗರಲ್ಲಿ ಒಬ್ಬನಿಗೂ ರಾಹುಕಾಲ ಗೊತ್ತಿರಲಿಲ್ಲ. ಅವರು ತೋಚಿದಾಗ ಬರುವವರು. ನಮ್ಮ ಜನ ಹಾಗೆ ಬರುವವರೇ ಅಲ್ಲ. ಎಲ್ಲರ ಗೋಡೆಯ ಮೇಲೂ ಅದೇ ತೆಲುಗು ಕ್ಯಾಲೆಂಡರು, ರಾಹುಕಾಲ ಎಷ್ಟರಿಂದ ಎಷ್ಟು ಎಂದು ದಿನದಿನಕ್ಕೂ ಬರೆದಿರುವಂಥದ್ದು. ಮೊದಲಾದರೆ ಒಬ್ಬರ ಗಡಿಯಾರ ಐದು ನಿಮಿಷ ಮುಂದೆ, ಇನ್ನೊಬ್ಬರದು ಹತ್ತು ನಿಮಿಷ ಹಿಂದೆ ಇರುತ್ತಿತ್ತು, ಆ ಪುಣ್ಯದಿಂದ ಯಾರೂ ಢಿಕ್ಕಿ ಹೊಡೆಯುತ್ತಿರಲಿಲ್ಲ. ಈಗ ಎಲ್ಲರ ಕೈಯಲ್ಲೂ ಫೋನು. ಮಕ್ತಲ್‌ನಲ್ಲಿ ಹನ್ನೆರಡಾದ ಕ್ಷಣವೇ ನಾರಾಯಣಪೇಟೆಯಲ್ಲೂ ಹನ್ನೆರಡು.

"ಮಾವಾ, ಒಂದು ನಿಮಿಷ ತಡೀರಿ—"

"ಒತ್ತು!" ಅಂದರು ಮಾವ.

ಹುಡುಗಿ ಒತ್ತಿದಳು. ರಸೀದಿ ಬಂತು. ಮಾವ ಅದನ್ನು ಕಣ್ಣಿಗೊತ್ತಿಕೊಂಡರು. ನಾನು ನಾರಾಯಣಪೇಟೆ ಕೌಂಟರಿಗೆ ಫೋನ್ ಮಾಡಿದೆ. ಅಲ್ಲಿಯ ಗುಮಾಸ್ತ ಸಂತೋಷದಿಂದಲೇ ಹೇಳಿದ: "ಹೌದ್ರೀ, ಈಗ ತಾನಾ ಆತು. ಧನ್ವಾಡದವರು. ಮಾಘದ್ದಾ. ರಸೀದಿ ಕೊಟ್ಟೀನ್ರೀ."

ಸಂಜೆಯ ಹೊತ್ತಿಗೆ ನಾನು ಗದ್ವಾಲದಲ್ಲಿದ್ದೆ. ಪರೀಕ್ಷೆಯಲ್ಲಿ ಒಂದೇ ಒಂದು ಬದಲಾವಣೆ ಮಾಡಿದೆ. ಸಾವಿರ ಬೀಗರೂ ಒಂದೇ ಕ್ಷಣಕ್ಕೆ ಗುಂಡಿ ಒತ್ತಬೇಕು, ಅಷ್ಟೇ. ಓಡಿಸಿದ ಮೊದಲ ಸಲವೇ ಎರಡೆರಡು ರಸೀದಿಗಳು ಸಾಲುಸಾಲಾಗಿ ಉದುರಿದವು. ಪ್ರೋಗ್ರಾಮರ ಬಗ್ಗಿ ನೋಡಿ, ನಾಲಿಗೆ ಕಚ್ಚಿಕೊಂಡು, ಹೋಗಿ ಚಿಲಕ ಹಾಕಿ ಬಂದ. ಒಂದು ಲೋಟ ಚಹಾ ಆರುವಷ್ಟು ಹೊತ್ತೂ ಹಿಡಿಯಲಿಲ್ಲ ಆ ರಿಪೇರಿ. "ಕಡೀಗೂ ಹಿಡದ್ರಿ ನೋಡ್ರಿ ಮೇಡಂ, ಶಭಾಷ್!" ಅಂದರು ಸಾಹೇಬರು. ನನಗೆ ಆ ಮೇಜನ್ನು ಎತ್ತಿ ಕಿಟಕಿಯಿಂದ ಎಸೆಯಬೇಕೆನಿಸಿತು. ಎಸೆಯಲಿಲ್ಲ. ಅಳುತ್ತಾ ಕೂತೆ.

ಪ್ರೋಗ್ರಾಂ ಸರಿಯಾಯಿತು, ಕೊಟ್ಟ ರಸೀದಿ ಸರಿಯಾಗಲಿಲ್ಲ. ಹಾಲ್ ಮಾಲೀಕರು ಎರಡೂ ಮನೆಯವರನ್ನು ನಾರಾಯಣಪೇಟೆಗೆ ಕರೆಸಿದರು. ಮಾವನ ಜೊತೆ ನಾನೂ ಹೋದೆ. ಧನ್ವಾಡದವರು ಬೀರಪ್ಪನ ಒಕ್ಕಲು, ಕುರಿ ಮನೆತನದವರು. ಅವರ ಹಿರಿಯ ಹೆಗಲ ಮೇಲಿನ ಕಂಬಳಿ ಸರಿಮಾಡಿಕೊಂಡು ನಮ್ಮ ಮಾವನಿಗೆ ಹೇಳಿದ: "ನೀವೂ ಚಲೋ ಘಳಿಗಿ ನೋಡೀರಿ, ನಾವೂ ಚಲೋ ಘಳಿಗಿ ನೋಡೀವಿ. ಇಬ್ಬರದೂ ಒಂದಾ ಆದ್ರ ಯಾರದ್ದು ತಪ್ಪು ಅನ್ನೂನ್ರೀ?" ಮಾವ ಎರಡೂ ರಸೀದಿಯನ್ನು ಪಕ್ಕಪಕ್ಕ ಇಟ್ಟು ನೋಡಿದರು. ಎರಡೂ ರಸೀದಿಯ ಮೇಲೆ ಒಂದೇ ಹೊತ್ತು, ಸೆಕೆಂಡಿನವರೆಗೂ ಒಂದೇ.

ಮೊದಲು ಬಂದವರಿಗೆ ಹಾಲು ಎಂದರು ಮಾಲೀಕರು. ಯಾರು ಮೊದಲು ಎಂದು ನಮ್ಮ ಸಾಹೇಬರಿಗೆ ಫೋನ್ ಹೋಯಿತು, ಅವರಿಂದ ನನಗೆ. ಅದನ್ನು ಹೇಳಬಲ್ಲಂಥವು ಆ ಬರೆದಿಡುವ ನಾಲ್ಕು ಸಾಲು ಮಾತ್ರ. ಅವನ್ನು ತೆಗೆದಾಗಿತ್ತು. "ನಿಮ್ಮದಾ ಮೊದಲು ಅಂತ ಬರದು ಕಳಸ್ರಿ ಮೇಡಂ. ಯಾರು ನೋಡಾಕ ಬರ್ತಾರ?" ಅಂದರು ಸಾಹೇಬರು, ನನ್ನ ಮೇಲಿನ ಕರುಣೆಯಿಂದಲೇ. ಅಲ್ಲೇ ಒಂದು ಮೂಲೆಯಲ್ಲಿ ಫೋನು ಹಿಡಿದು ಬರೆಯಲು ಕೂತೆ. ಕಂಬಳಿಯ ಆ ಹಿರಿಯನ ಮನೆಯಲ್ಲೂ ಒಬ್ಬಳು ಹುಡುಗಿ ಇದ್ದಾಳಲ್ಲ ಎನಿಸಿತು. 'ತಿಳಿಯದು' ಎಂದು ಬರೆದು ಕಳಿಸಿದೆ. ನಿಜ ಹೇಳಿದ್ದಕ್ಕೆ ಸಮಾಧಾನವಾದರೂ ಆಗಬೇಕಿತ್ತು, ಅದೂ ಆಗಲಿಲ್ಲ.

ಹಾಗಾದರೆ ಚೀಟಿ ಎತ್ತೋಣ ಎಂದು ಮಾಲೀಕರು ಹೇಳುವಷ್ಟರಲ್ಲಿ ಗಂಡಿನ ತಾಯಿ ಬಾಗಿಲಲ್ಲಿ ನಿಂತಿದ್ದರು. ಹಾಲಿನ ಹಿಂದಿನ ಓಣಿಯಲ್ಲೇ ಅವರ ಮನೆ, ಸುದ್ದಿ ಹೋಗಿತ್ತು. ಒಳಗೆ ಬರಲಿಲ್ಲ, ಕೂಡಲಿಲ್ಲ. "ಒಂದಾ ಹಂದರಕ್ಕ ಇಬ್ಬರು ಮದಲಗಿತ್ತೇರ್ನ ಬರದಾರಂದ್ರ ನಾಳೆ ಒಂದಾ ಮನೀಗೆ ಇಬ್ಬರು ಬರ್ತಾರ. ನನ್ನ ಮಗಗ ಸವತಿ ಸಂಸಾರ ಬ್ಯಾಡ್ರೀ," ಅಂದರು. ಮಾವ ಕೈಮುಗಿದರು. ಮಕ್ತಲ್ ಹಾಲು ಆ ದಿನ ಖಾಲಿ ಇದೆ, ನಮ್ಮ ಅಂಗಳದಲ್ಲೇ ಹಂದರ ಹಾಕುತ್ತೇವೆ ಎಂದರು. ನಾನು ಮುಂದೆ ಹೋಗಿ, ಇದು ದೇವರು ಬರೆದದ್ದಲ್ಲ, ನಾವು ಬರೆದ ಪ್ರೋಗ್ರಾಮಿನ ತಪ್ಪು, ನನ್ನ ತಪ್ಪು, ಎಂದು ಹೇಳಿದೆ. ಆಕೆ ನನ್ನನ್ನು ನೋಡಿದ ರೀತಿ ಮರೆತಿಲ್ಲ. "ಇಷ್ಟು ದಿನ ಯಾರಿಗೂ ಆಗಲಾರದ ತಪ್ಪು ನಿನ್ನ ತಂಗೀಗೇ ಯಾಕ ಆತವಾ?" ಅಂದರು. ಮೂರು ಮಂದಿಗೆ ಆಗಿತ್ತು ಎಂದು ಹೇಳಬಹುದಿತ್ತು. ಹೇಳಲಿಲ್ಲ.

ಹುಡುಗ ಎರಡು ಸಲ ಫೋನ್ ಮಾಡಿದ. ಮೂರನೆಯ ಸಲ ಮಾಡಲಿಲ್ಲ. ಚೀಟಿ ಎತ್ತುವ ಪ್ರಶ್ನೆಯೇ ಉಳಿಯಲಿಲ್ಲ. ಮಾಘದಲ್ಲಿ ಧನ್ವಾಡದವರ ಮದುವೆ ಅದೇ ಹಾಲಿನಲ್ಲಿ ಆಯಿತು. ಮಾವ ಹಾಗೂ ಅವ್ವ ಗ್ರಹಚಾರವನ್ನು ಬೈದರು, ಆ ತಾಯಿಯನ್ನು ಬೈದರು. ನನ್ನನ್ನು ಮಾತ್ರ ಯಾರೂ ಬೈಯಲಿಲ್ಲ. ಕಂಪ್ಯೂಟರಿನ ತಪ್ಪಿಗೆ ನೀನೇನು ಮಾಡುತ್ತೀ ಎಂದು ಅವ್ವ ನನಗೇ ಸಮಾಧಾನ ಹೇಳಿದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ತಂಗಿ ಅಳಲಿಲ್ಲ. ಮರುವಾರ ಶಾಲೆಗೆ ಹೋದಳು. ಆ ಭಾನುವಾರ ಮುಂಜಾನೆ ಕಟ್ಟೆಯ ಮೇಲೆ ಮಕ್ಕಳ ಲೆಕ್ಕದ ನೋಟ್‌ಬುಕ್ಕುಗಳ ರಾಶಿ ಹಾಕಿಕೊಂಡು ತಿದ್ದುತ್ತಿದ್ದಳು. ನಾನು ಪಕ್ಕದಲ್ಲಿ ಕೂತೆ. ಅವಳು ತಲೆ ಎತ್ತದೆಯೇ ಕೇಳಿದಳು.

"ಅಕ್ಕಾ, ಇದು ಹಿಂಗ ಆಗ್ತೈತಿ ಅಂತ ನಿನಗ ಗೊತ್ತಿತ್ತೇನು?"

"ಒಂದು ಸಲ ಕಂಡಿತ್ತು," ಅಂದೆ. "ಮತ್ತ ಕಾಣಲಿಲ್ಲ."

"ವರದಿಯೊಳಗ ಬರದಿದ್ದೇನು?"

"ಬರದಿದ್ದೆ."

"ಮತ್ತ?"

"ಅಳಿಸಿದೆ."

ಅವಳು ಕೈಯಲ್ಲಿದ್ದ ನೋಟ್‌ಬುಕ್ ಪೂರ್ತಿ ತಿದ್ದಿ, ಮುಚ್ಚಿ ಬದಿಗಿಟ್ಟಳು. ಆಮೇಲೆ ರಾಶಿಯಲ್ಲಿ ಅರ್ಧ ಎತ್ತಿ ನನ್ನ ತೊಡೆಯ ಮೇಲಿಟ್ಟು, ಇನ್ನೊಂದು ಕೆಂಪು ಪೆನ್ನು ಹುಡುಕಿ ಕೊಟ್ಟಳು.

"ಇವನ್ನ ನೋಡು," ಅಂದಳು. "ತಪ್ಪು ಕಂಡ್ರ ಅಳಸಬ್ಯಾಡ. ಸುತ್ತ ಗೆರಿ ಹಾಕು."

ನಾನು ಪೆನ್ನಿನ ಮುಚ್ಚಳ ತೆಗೆದೆ. ಮೊದಲ ನೋಟ್‌ಬುಕ್ಕಿನ ಮೊದಲ ಲೆಕ್ಕವನ್ನು ಮೂರು ಸಲ ಓದಲು ನೋಡಿದೆ, ಕಣ್ಣು ತುಂಬಿ ಏನೂ ಕಾಣಿಸಲಿಲ್ಲ.